ಸಾಕ್ರಟೀಸನ ನೊಣಕ್ಕೆ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಸಿಗದೆ ಮೂರು ದಿನದಿಂದ ಒಂದೇ ಸಾಲಿನಲ್ಲಿ ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಸುಮ್ನೆ ಚಪಲಕ್ಕೆ ಪ್ಲೇಟೋನ ‘ಅಪಾಲಜಿ’ಯ ಕೆಲವು ಪುಟಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ತನ್ನ ಗುರು ಸಾಕ್ರಟೀಸ್ ಕೋರ್ಟಿನಲ್ಲಿ ತನ್ನ ಪರವಾಗಿ ಆಡಿದ ಮಾತನ್ನು ಪ್ಲೇಟೋ ಬರೆದಿಟ್ಟ ಪುಸ್ತಕ ಅದು. ಕ್ರಿ.ಪೂ. 399, ಅಥೆನ್ಸ್. ಎಪ್ಪತ್ತರ ಮುದುಕ ಸಾಕ್ರಟೀಸ್ ಕೋರ್ಟಿನಲ್ಲಿ ನಿಂತಿದ್ದಾನೆ. ಎದುರಿಗೆ ಚೀಟಿ ಎತ್ತಿ ಆರಿಸಿದ ಸುಮಾರು 500 ಜನ ನಾಗರಿಕರು ಕೂತಿದ್ದಾರೆ. ತೀರ್ಪು ಕೊಡುವವರು ಅವರೇ.

ಅವರಿಗೆ ಅವನು ಹೇಳುವುದು ಹೆಚ್ಚುಕಮ್ಮಿ ಹೀಗೆ. ಈ ಊರು ದೊಡ್ಡ ಕುದುರೆ, ಒಳ್ಳೆ ತಳಿಯದು. ಮೈ ದೊಡ್ಡದಾದ್ದರಿಂದಲೇ ಸ್ವಲ್ಪ ಜಡ. ಎಬ್ಬಿಸುವುದಕ್ಕೆ ಅದಕ್ಕೊಂದು ‘ಮ್ಯೂಓಪ್ಸ್’ ಬೇಕು. ದೇವರು ನನ್ನನ್ನು ಈ ಊರಿಗೆ ಅಂಟಿಸಿರುವುದು ಅದಕ್ಕೇ. ‘ಕೇಳಿದರೆ ನಗು ಬರುತ್ತದೆ, ಆದರೂ ಹೇಳುತ್ತೇನೆ’ ಎಂಬರ್ಥದ ಮಾತನ್ನೂ ಜೊತೆಗೆ ಸೇರಿಸುತ್ತಾನೆ. ಈ ಮಾತು ಮುಖ್ಯ, ಮುಂದೆ ಬರುತ್ತೇನೆ.

ತಲೆನೋವು ಇರುವುದು ಆ ‘ಮ್ಯೂಓಪ್ಸ್’ನಲ್ಲಿ. ಗ್ರೀಕಿನಲ್ಲಿ ಅದಕ್ಕೆ ಎರಡು ಅರ್ಥ. ಒಂದು, ದನ ಕುದುರೆಗಳನ್ನು ಕಚ್ಚುವ ದೊಡ್ಡ ನೊಣ. ಈಸ್ಕಿಲಸ್‌ನ ನಾಟಕದಲ್ಲಿ ಹಸುವಾಗಿ ಬದಲಾದ ಇಯೋ ಎಂಬ ಹುಡುಗಿಯನ್ನು ದೇಶದಿಂದ ದೇಶಕ್ಕೆ ಓಡಿಸುವುದು ಇದೇ ನೊಣ. ಇನ್ನೊಂದು, ಸವಾರ ಹಿಮ್ಮಡಿಗೆ ಕಟ್ಟಿಕೊಂಡು ಕುದುರೆಯ ಪಕ್ಕೆಗೆ ತಿವಿಯುವ ಮುಳ್ಳು. ಕುದುರೆ ಸವಾರಿಯ ಬಗ್ಗೆ ಬರೆದ ಕ್ಸೆನೊಫೋನ್ ಈ ಅರ್ಥದಲ್ಲಿ ಬಳಸುತ್ತಾನೆ. ಅವನೂ ಸಾಕ್ರಟೀಸನ ಒಡನಾಡಿಯೇ. ಕುದುರೆ, ಜಡತನ, ಎಬ್ಬಿಸುವುದು, ಇಷ್ಟೇ ನೋಡಿದರೆ ಎರಡೂ ಅರ್ಥ ಹೊಂದುತ್ತವೆ ಅಲ್ವಾ?

ಮೊದಲ ಸಲ ನಾನು ‘ಅಂಕುಶ’ ಎಂದು ಬರೆದೆ. ಆನೆಯದ್ದಾದರೂ ಪರವಾಗಿಲ್ಲ, ಗಂಭೀರವಾಗಿದೆ ಅನ್ನಿಸಿತು. ಮಾರನೆಯ ದಿನ ಓದಿದರೆ ಇರಿಸುಮುರಿಸು. ಅಂಕುಶ ಅಂದಮೇಲೆ ಮಾವುತ ಬೇಕು. ಸವಾರನ ಮುಳ್ಳು ಅಂದರೂ ಅಷ್ಟೇ, ಬೆನ್ನ ಮೇಲೊಬ್ಬ ಕೂತಿರಬೇಕು, ಕೈಯಲ್ಲಿ ಲಗಾಮು ಇರಬೇಕು. ಸಾಕ್ರಟೀಸನ ಕೈಯಲ್ಲಿ ಯಾವ ಲಗಾಮಿತ್ತು? ಜನಸಭೆ ಕಟ್ಟೆ ಹತ್ತಿ ಭಾಷಣ ಮಾಡುವ ಗೋಜಿಗೆ ಅವನು ಹೋದವನಲ್ಲ. ಕೌನ್ಸಿಲ್ಲಿನಲ್ಲಿ ಒಂದು ಸಲ ಕೂತಿದ್ದ. ಕ್ರಿ.ಪೂ. 406ರಲ್ಲಿ ಸಮುದ್ರದ ಯುದ್ಧ ಗೆದ್ದು ಬಂದ ಸೇನಾಪತಿಗಳನ್ನು ಒಟ್ಟಿಗೇ ವಿಚಾರಿಸಿ ಕೊಲ್ಲಿಸಲು ಜನ ಹೊರಟಾಗ, ಇದು ಕಾನೂನಿಗೆ ವಿರುದ್ಧ ಎಂದು ಅಡ್ಡ ನಿಂತ. ಯಾರೂ ಕೇಳಲಿಲ್ಲ. ನ್ಯಾಯಕ್ಕೆ ಹೋರಾಡುವವನು ನಾಲ್ಕು ದಿನ ಬದುಕಿರಬೇಕೆಂದರೂ ಅಧಿಕಾರದಿಂದ ದೂರ ಇರಬೇಕು ಎಂದು ಅವನೇ ಅದೇ ಕೋರ್ಟಿನಲ್ಲಿ ಹೇಳುತ್ತಾನೆ. ಹಾಗಾಗಿ ಅಂಕುಶ ಹೊಡೆದುಹಾಕಿದೆ.

ಅಂಕುಶಕ್ಕೂ ಜಾಗವಿದೆ, ಆದರೆ ಬೇರೆ ಪುಸ್ತಕದಲ್ಲಿ. ಪ್ಲೇಟೋ ‘ರಿಪಬ್ಲಿಕ್’ ಬರೆಯುವ ಹೊತ್ತಿಗೆ ಹೋಲಿಕೆಯೇ ಬದಲಾಗಿದೆ. ಅಲ್ಲಿ ಊರು ಒಂದು ಹಡಗು. ಚುಕ್ಕಾಣಿಗಾಗಿ ನಾವಿಕರು ಕಿತ್ತಾಡುತ್ತಾರೆ. ನಕ್ಷತ್ರ ನೋಡಿ ದಾರಿ ಬಲ್ಲವನೊಬ್ಬ ಇದ್ದರೂ ಅವನನ್ನು ಹರಟೆಮಲ್ಲ ಎಂದು ಹಂಗಿಸುತ್ತಾರೆ. ಚುಕ್ಕಾಣಿ ಅವನಿಗೆ ಸೇರಬೇಕಾದದ್ದು ಎಂಬುದು ಪ್ಲೇಟೋನ ವಾದ. ಕೋರ್ಟಿನಲ್ಲಿ ನಿಂತ ಸಾಕ್ರಟೀಸ್ ಚುಕ್ಕಾಣಿ ಕೇಳುವುದೇ ಇಲ್ಲ. ಪ್ರಜಾಪ್ರಭುತ್ವದಲ್ಲಿ ತತ್ತ್ವಜ್ಞಾನಿಗೆ ಏನು ಕೆಲಸ ಎಂಬ ಪ್ರಶ್ನೆಗೆ ಇವೆರಡು ಬೇರೆ ಬೇರೆ ಉತ್ತರಗಳು. ನಾನು ತಪ್ಪು ಪದ ಹಾಕಿದರೆ ಎರಡೂ ಒಂದೇ ಆಗಿಬಿಡುತ್ತವೆ.

ನೊಣವೇ ಸರಿ ಅನ್ನುವುದಕ್ಕೆ ಮುಂದಿನ ಸಾಲಿನಲ್ಲಿ ಇನ್ನೂ ಗಟ್ಟಿ ಸಾಕ್ಷಿ ಇದೆ. ‘ದಿನವಿಡೀ ಎಲ್ಲೆಂದರಲ್ಲಿ ಬಂದು ಕೂರುತ್ತೇನೆ’ ಅನ್ನುತ್ತಾನೆ. ಮುಳ್ಳು ಬಂದು ಕೂರುವುದಿಲ್ಲ. ಆಮೇಲೆ, ತೂಕಡಿಸುವವನನ್ನು ಎಬ್ಬಿಸಿದರೆ ಸಿಡುಕುವ ಹಾಗೆ ನೀವೂ ಸಿಡುಕಿ, ನನ್ನ ಮೇಲೆ ದೂರು ಕೊಟ್ಟವರಲ್ಲೊಬ್ಬನಾದ ಅನಿಟಸ್‌ನ ಮಾತು ಕೇಳಿ, ಒಂದೇಟು ಹಾಕಿ ನನ್ನನ್ನು ಕೊಂದುಬಿಡಬಹುದು, ಉಳಿದ ಆಯುಷ್ಯವನ್ನೆಲ್ಲ ನಿದ್ದೆಯಲ್ಲೇ ಕಳೆಯಬಹುದು, ಅನ್ನುತ್ತಾನೆ. ಚಟ್ ಅಂತ ಹೊಡೆದರೆ ಸಾಯುವುದು ನೊಣವೇ. ‘ನಗು ಬರುತ್ತದೆ’ ಅಂದದ್ದೂ ಇದಕ್ಕೇ ಇರಬೇಕು. ಪ್ರಾಣ ಹೋಗುವ ಹೊತ್ತಿನಲ್ಲಿ ತನ್ನನ್ನು ತಾನೇ ನೊಣಕ್ಕೆ ಹೋಲಿಸಿಕೊಳ್ಳುವವನ ಬಾಯಲ್ಲಿ ‘ಸಮಾಜದ ಸಾಕ್ಷಿಪ್ರಜ್ಞೆ’ ಅಂತ ಇಡುವುದಕ್ಕೆ ನನಗಂತೂ ಮನಸ್ಸು ಬರಲಿಲ್ಲ. ಆ ಮಾತನ್ನು ಸನ್ಮಾನದ ಭಾಷಣಗಳಲ್ಲಿ ಸವೆಸಿಬಿಟ್ಟಿದ್ದೇವೆ.

ಈಗ ಯಾವ ನೊಣ ಎಂಬ ಪ್ರಶ್ನೆ. ಬರೀ ‘ನೊಣ’ ಎಂದರೆ ಬೆಲ್ಲದ ಮೇಲೆ ಕೂರುವ ನೊಣ ನೆನಪಾಗುತ್ತದೆ, ಕಚ್ಚುವುದು ಹೊಳೆಯುವುದಿಲ್ಲ. ‘ಉಣ್ಣೆ’ ಪೂರ್ತಿ ಉಲ್ಟಾ. ಅದು ಸದ್ದಿಲ್ಲದೆ ಅಂಟಿಕೊಂಡು ರಕ್ತ ಕುಡಿಯುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. (ಅಂಥ ಚಿಂತಕರೂ ಇದ್ದಾರೆ, ಆ ಮಾತು ಬೇರೆ.) ‘ತೊಣಚಿ’ ಚೆನ್ನಾಗಿದೆ, ಕೇಳಲೂ ಚುಚ್ಚುವಂತಿದೆ. ಆದರೆ ನನ್ನ ಕಿವಿಗೆ ಅದರ ಜೊತೆ ನಾಯಿಯೇ ಬರುತ್ತದೆ, ಕುದುರೆ ಬರುವುದಿಲ್ಲ.

ನಮ್ಮ ಮನೆಯಲ್ಲಿ ‘ಕುರುಡುನೊಣ’ ಅನ್ನುತ್ತಿದ್ದರು. ಮಳೆಗಾಲದಲ್ಲಿ ಕೊಟ್ಟಿಗೆಗೆ ಬರುತ್ತಿತ್ತು. ಹಸು ಬಾಲ ಬೀಸುತ್ತದೆ, ಬಾಲಕ್ಕೆ ಎಟುಕದ ಜಾಗ ನೋಡಿಯೇ ಅದು ಕೂರುತ್ತದೆ. ಆಗ ಹಸುವಿನ ಚರ್ಮ ಅಲ್ಲಷ್ಟೇ ಪಟಪಟ ಅದುರುತ್ತದೆ. ನೊಣ ಎದ್ದ ಜಾಗದಲ್ಲಿ ಒಂದು ಹನಿ ರಕ್ತ. ಮೆಲುಕು ಹಾಕುತ್ತಾ ಅರೆಗಣ್ಣು ಮುಚ್ಚಿದ್ದ ಹಸು ಧಡಕ್ಕನೆ ಎದ್ದು ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಇದೇ ಚಿತ್ರ ನನಗೆ ಬೇಕಾದ್ದು. ತಮಾಷೆ ಅಂದರೆ ಗ್ರೀಕಿನ ‘ಮ್ಯೂಓಪ್ಸ್’ಗೆ ಮೂರನೆಯ ಅರ್ಥವೂ ಇದೆ: ದೂರದ್ದು ಕಾಣದೆ ಕಣ್ಣು ಕಿರಿದು ಮಾಡಿ ನೋಡುವವನು. ಎರಡು ಭಾಷೆಗಳಲ್ಲೂ ಈ ನೊಣಕ್ಕೂ ಮಂದ ಕಣ್ಣಿಗೂ ಹೇಗೋ ನಂಟು! ಆದರೆ ಹೆದರಿಕೆ ಏನೆಂದರೆ, ಈ ಹೆಸರು ಕೇಳದ ಓದುಗರು ‘ತತ್ತ್ವಜ್ಞಾನಿ ಕುರುಡ’ ಎಂದು ಹೊಸ ಅರ್ಥ ಹುಡುಕಿಬಿಟ್ಟರೆ?

ಇನ್ನೊಂದು ತೊಡಕು. ನೊಣದ ಮಾತಾದ ಕೆಲವೇ ಸಾಲಿಗೆ, ಮನೆಮಠ ಮರೆತು ನಿಮ್ಮೊಬ್ಬೊಬ್ಬರ ಹತ್ತಿರವೂ ಅಪ್ಪನ ಹಾಗೆ, ಅಣ್ಣನ ಹಾಗೆ ಬಂದು ಬುದ್ಧಿ ಹೇಳಿದೆ ಅನ್ನುತ್ತಾನೆ. ಪದ ತೀರಾ ಅಸಹ್ಯವಾದರೆ ಈ ಅಣ್ಣ ಅಲ್ಲಿ ಹೊಂದುವುದಿಲ್ಲ.

ನಿಮ್ಮ ಕಡೆ ದನಕ್ಕೋ ಕುದುರೆಗೋ ಕಚ್ಚುವ ಈ ದೊಡ್ಡ ನೊಣಕ್ಕೆ ಏನನ್ನುತ್ತೀರಿ? ಉತ್ತರ ಕರ್ನಾಟಕದವರು, ಕರಾವಳಿಯವರು ದಯವಿಟ್ಟು ಹೇಳಿ. ಮನೆಯಲ್ಲಿ ಜಟಕಾ ಹೊಡೆದವರು ಯಾರಾದರೂ ಇದ್ದರೆ ಅವರನ್ನೂ ಕೇಳಿ ನೋಡಿ. ಕುದುರೆ ಜೊತೆ ದಿನವಿಡೀ ಇದ್ದವರ ಬಾಯಲ್ಲಿ ಬೇರೆಯೇ ಹೆಸರು ಇದ್ದೀತು.