ಮಗಳಿಗೆ ‘ತುಂಗಾ’ ಅಂತ ಹೆಸರಿಡಬಹುದಾ? ನಿಮ್ಮ ಅನುಭವ ಹೇಳಿ

ಕೇಳಿದವರು, ಶಿವಮೊಗ್ಗ

ನಮಗೆ ಮೊದಲ ಮಗು, ಹೆಣ್ಣು. ವಿಶಾಖಾ ನಕ್ಷತ್ರ, ಎರಡನೇ ಪಾದ. ಭಟ್ಟರು ‘ತು’ ಅಕ್ಷರ ಬರೆದುಕೊಟ್ಟಿದ್ದಾರೆ. ನನಗೂ ಯಜಮಾನರಿಗೂ ‘ತುಂಗಾ’ ಅಂತ ಇಡುವ ಆಸೆ. ಆದರೆ ಇವರ ಸೋದರತ್ತೆ ಹೊಸನಗರದಿಂದ ಫೋನ್ ಮಾಡಿ, ‘ಹೊಳೆ ಹೆಸರು ಹೆಣ್ಣುಮಕ್ಕಳಿಗೆ ಇಡಬಾರದು ಕಣೇ, ಶಾಸ್ತ್ರದಲ್ಲೇ ಇದೆ. ಒಂದು ಕಡೆ ನಿಲ್ಲೋದಿಲ್ಲ ಆಮೇಲೆ’ ಅಂದರು. ನನ್ನ ತಂಗಿ ‘ಅಜ್ಜಿ ಹೆಸರಿನ ಹಾಗಿದೆ’ ಅಂತಾಳೆ. ಈ ಹೆಸರಿನ ಅರ್ಥ ಏನು? ಶಾಸ್ತ್ರದಲ್ಲಿ ನಿಜವಾಗಿ ಹಾಗಿದೆಯಾ? ಇದೇ ಹೆಸರಿನವರು ಇದ್ದರೆ ದಯವಿಟ್ಟು ಬರೆಯಿರಿ. ತೊಟ್ಟಿಲು ಶಾಸ್ತ್ರ ಹತ್ತಿರ ಬಂತು.

ತೀರ್ಥಹಳ್ಳಿಯ ಮಗಳು, ಈಗ ಪುಣೆಯಲ್ಲಿ

ನನ್ನ ಹೆಸರೇ ತುಂಗಾ. ಧೈರ್ಯವಾಗಿ ಇಡಿ ತಂಗಿ.

ಊರಲ್ಲಿ ಇರುವಷ್ಟು ದಿನ ಈ ಹೆಸರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಎಳ್ಳಮಾವಾಸ್ಯೆ ಜಾತ್ರೆಗೆ ರಾಮೇಶ್ವರ ದೇವಸ್ಥಾನಕ್ಕೆ ಹೋದರೆ ಪಕ್ಕದಲ್ಲೇ ಹೊಳೆ. ಅದೂ ತುಂಗೆ, ನಾನೂ ತುಂಗೆ. ಚಿಕ್ಕವಳಿದ್ದಾಗ ಎಲ್ಲರೂ ನನ್ನನ್ನು ತುಂಗಿ ಅನ್ನುತ್ತಿದ್ದರು. ಈಗ ಅಣ್ಣನ ಮಕ್ಕಳಿಗೆ ತುಂಗತ್ತೆ. ಈ ಹೆಸರು ವಯಸ್ಸಿನ ಜೊತೆ ಚೆನ್ನಾಗಿ ಬೆಳೆಯುತ್ತದೆ.

ಹೊರಗೆ ಬಂದ ಮೇಲೆ ಜನ ಕೇಳುತ್ತಾರೆ. ಕೇಳಿದಾಗೆಲ್ಲ ನನಗೆ ಊರಿನ ಬಗ್ಗೆ ಮಾತಾಡಲು ಒಂದು ನೆಪ ಸಿಗುತ್ತದೆ. ‘ಗಂಗಾ ಸ್ನಾನ, ತುಂಗಾ ಪಾನ’ ಅನ್ನುವ ಮಾತು ಹೇಳುತ್ತೇನೆ. ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ. ನನ್ನ ಆಫೀಸಿನಲ್ಲಿ ಒಂದೇ ಹೆಸರಿನ ಹುಡುಗಿಯರು ಬೇಕಾದಷ್ಟು ಇದ್ದಾರೆ, ಇನಿಷಿಯಲ್ ಸೇರಿಸಿ ಕರೆಯಬೇಕು. ನನಗೆ ಆ ತೊಂದರೆ ಬಂದಿಲ್ಲ. ನಿಮ್ಮ ತಂಗಿಗೆ ಇದನ್ನು ಹೇಳಿ.

ನಿಲ್ಲೋದಿಲ್ಲ ಅನ್ನುವ ಮಾತು ನನ್ನ ಅಮ್ಮನೂ ಕೇಳಿಸಿಕೊಂಡಿದ್ದರಂತೆ. ನಾನು ಊರು ಬಿಟ್ಟಿದ್ದು ನಿಜ. ನನ್ನ ಜೊತೆ ಓದಿದ ಹುಡುಗಿಯರೂ ಬಿಟ್ಟರು. ಅವರ ಹೆಸರು ಹೊಳೆಯದ್ದಲ್ಲ.

ನಿವೃತ್ತ ಸಂಸ್ಕೃತ ಮೇಷ್ಟ್ರು, ಶಿವಮೊಗ್ಗ

ಮೊದಲು ಅರ್ಥ. ತುಂಗ ಅಂದರೆ ಎತ್ತರವಾದದ್ದು. ‘ಉತ್ತುಂಗ’ ಅನ್ನುತ್ತೇವಲ್ಲ, ಅದರೊಳಗೆ ಇರುವುದೂ ಇದೇ ಪದ. ಉತ್ತರಾಖಂಡದ ಬೆಟ್ಟದ ಮೇಲೆ ತುಂಗನಾಥ ಅಂತ ಶಿವನ ದೇವಸ್ಥಾನ ಇದೆ. ಅದು ಇರುವುದು ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ. ಹೆಸರಿಗೆ ತಕ್ಕ ಜಾಗ. ಜ್ಯೋತಿಷ್ಯದಲ್ಲೂ ಗ್ರಹದ ಉಚ್ಚಸ್ಥಾನಕ್ಕೆ ತುಂಗ ಅನ್ನುತ್ತಾರೆ. ಹಾಗಾಗಿ ‘ತುಂಗಾ’ ಅಂದರೆ ಎತ್ತರದವಳು, ಮೇಲು ಸ್ಥಾನದವಳು. ಹೆಣ್ಣುಮಗುವಿಗೆ ಇದಕ್ಕಿಂತ ಒಳ್ಳೆಯ ಹಾರೈಕೆ ಏನು ಬೇಕು?

ನಮ್ಮ ಹೊಳೆಯ ಕತೆ ನಿಮಗೆ ಗೊತ್ತಿರಬಹುದು. ಹಿರಣ್ಯಾಕ್ಷನನ್ನು ಕೊಂದ ವರಾಹಸ್ವಾಮಿ ಸಹ್ಯಾದ್ರಿಯ ಮೇಲೆ ದಣಿವಾರಿಸಿಕೊಂಡ. ಆಗ ಎಡದಾಡೆಯಿಂದ ಇಳಿದ ನೀರು ತುಂಗೆ, ಬಲದಾಡೆಯಿಂದ ಇಳಿದದ್ದು ಭದ್ರೆ, ಕಣ್ಣಿನಿಂದ ಹರಿದದ್ದು ನೇತ್ರಾವತಿ. ಮೂರೂ ಹುಟ್ಟುವ ಜಾಗ ಗಂಗಾಮೂಲ, ಕುದುರೆಮುಖದ ಕಾಡಿನಲ್ಲಿದೆ. ತುಂಗೆ ಅಲ್ಲಿಂದ ಶೃಂಗೇರಿ, ತೀರ್ಥಹಳ್ಳಿ, ಮಂಡಗದ್ದೆ, ಗಾಜನೂರು ದಾಟಿ ನಮ್ಮೂರಿಗೆ ಬರುತ್ತಾಳೆ.

ಇನ್ನು ಶಾಸ್ತ್ರದ ಮಾತು. ನಿಮ್ಮ ಸೋದರತ್ತೆ ಸುಮ್ನೆ ಹೇಳಿದ್ದಲ್ಲ. ಮನುಸ್ಮೃತಿಯ 3ನೇ ಅಧ್ಯಾಯದ 9ನೇ ಶ್ಲೋಕದಲ್ಲಿ ಅಂಥ ಮಾತಿದೆ. ಆದರೆ ಅದು ಮಗುವಿಗೆ ಹೆಸರಿಡುವ ಶ್ಲೋಕ ಅಲ್ಲ, ವಧು ಹುಡುಕುವವರಿಗೆ ಹೇಳಿದ್ದು. ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು, ಇವುಗಳ ಹೆಸರಿನ ಹುಡುಗಿ ಬೇಡ ಅನ್ನುತ್ತದೆ. ಅದನ್ನು ಪಾಲಿಸಿದರೆ ರೋಹಿಣಿ, ಅಶ್ವಿನಿ, ರೇವತಿ ಎಲ್ಲ ಹೋದರು. ಗಂಗಾ, ಕಾವೇರಿ, ಗೋದಾವರಿ ಹೋದರು. ನಮ್ಮ ಮಲೆನಾಡಿನಲ್ಲಿ ನಾಗಬನ ಇಲ್ಲದ ಊರು ಯಾವುದಿದೆ? ನಾಗಮ್ಮ, ನಾಗರತ್ನ ಅನ್ನುವ ಹೆಸರಿಲ್ಲದ ಮನೆತನ ಯಾವುದಿದೆ? ಅವರೆಲ್ಲ ಮದುವೆಯಾಗಿ ಮನೆ ತುಂಬಿಸಿದವರು. ಈ ಮಾತನ್ನು ನಮ್ಮ ಹಿರಿಯರೇ ಪಕ್ಕಕ್ಕಿಟ್ಟು ತುಂಬಾ ಕಾಲವಾಯಿತು.

ಹೆಸರಿಡುವುದರ ಬಗ್ಗೆ ಅದೇ ಪುಸ್ತಕದಲ್ಲಿ ಬೇರೆ ಶ್ಲೋಕ ಇದೆ, 2ನೇ ಅಧ್ಯಾಯದ 33ನೆಯದು. ಹೆಣ್ಣಿನ ಹೆಸರು ಕರೆಯಲು ಸುಲಭವಾಗಿರಬೇಕು, ಕಠೋರ ಆಗಿರಬಾರದು, ಅರ್ಥ ಸ್ಪಷ್ಟ ಇರಬೇಕು, ಮನಸ್ಸಿಗೆ ಹಿಡಿಸಬೇಕು, ಮಂಗಳಕರವಾಗಿರಬೇಕು, ಕೊನೆಯಲ್ಲಿ ದೀರ್ಘ ಸ್ವರ ಬರಬೇಕು, ಅದರಲ್ಲಿ ಆಶೀರ್ವಾದ ಇರಬೇಕು. ತುಂಗಾ ಅಂತ ಒಮ್ಮೆ ಕರೆದು ನೋಡಿ. ಎರಡಕ್ಷರ, ಕೊನೆಗೆ ದೀರ್ಘ, ಅರ್ಥ ಎತ್ತರ. ಅತ್ತೆಯವರಿಗೆ ಶಾಸ್ತ್ರವೇ ಬೇಕಾದರೆ ಈ ಶ್ಲೋಕ ಹೇಳಿ. ಗೌರವದಿಂದ ಹೇಳಿ, ಹಿರಿಯರು ಖಂಡಿತ ಕೇಳುತ್ತಾರೆ.

ಕೇಳಿದವರು

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ಸೋದರತ್ತೆಯವರು ಹೊಳೆ ಬೇಡ, ‘ತುಳಸಿ’ ಇಡಿ ಅನ್ನುತ್ತಿದ್ದಾರೆ. ಅದೂ ‘ತು’ ತಾನೇ?

ನಿವೃತ್ತ ಸಂಸ್ಕೃತ ಮೇಷ್ಟ್ರು

ಅಕ್ಷರ ಸರಿ. ಹೆಸರೂ ಚಂದ. ಆದರೆ ಆ ಶ್ಲೋಕದ ಪ್ರಕಾರ ಗಿಡಮರದ ಹೆಸರೂ ಬೇಡ ಅಂತಲೇ ಆಗುತ್ತದೆ! ಶಾಸ್ತ್ರದ ಕಾರಣಕ್ಕೆ ತುಂಗಾ ಬಿಟ್ಟು ತುಳಸಿ ಹಿಡಿಯುವುದರಲ್ಲಿ ಅರ್ಥವಿಲ್ಲ. ಇಷ್ಟ ಆದರೆ ಇಡಿ, ಅದು ಬೇರೆ ವಿಷಯ.

ಕೂಡ್ಲಿ ಹತ್ತಿರದವರು

ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಕ್ಕ ತುಂಗಾ, ತಂಗಿ ಭದ್ರಾ. ಇಬ್ಬರೂ ಅಜ್ಜಿಯರಾಗಿದ್ದಾರೆ, ಈಗಲೂ ಒಬ್ಬರನ್ನು ಬಿಟ್ಟು ಒಬ್ಬರು ಹಬ್ಬ ಮಾಡುವುದಿಲ್ಲ. ಎರಡನೆಯದೂ ಹೆಣ್ಣಾದರೆ ನಿಮಗೆ ಹೆಸರು ಹುಡುಕುವ ಕೆಲಸವೇ ಇಲ್ಲ. ಮಗುವನ್ನು ಒಮ್ಮೆ ತುಂಗೆ, ಭದ್ರೆ ಸೇರುವ ಕೂಡ್ಲಿ ಸಂಗಮಕ್ಕೆ ಕರೆದುಕೊಂಡು ಬನ್ನಿ, ಸಂಗಮೇಶ್ವರನಿಗೆ ಪೂಜೆ ಮಾಡಿಸೋಣ.

ಸಾಗರದ ಒಬ್ಬ ಅಜ್ಜಿ

ಎಲ್ಲರೂ ಸೇರಿ ಆ ಸೋದರತ್ತೆಯನ್ನು ಒಂಟಿ ಮಾಡಬೇಡಿ. ಹೊಳೆ ದಡದಲ್ಲಿ ಬಾಳಿದವರಿಗೆ ಹೊಳೆಯ ಭಯ ಇರುತ್ತದೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತು ಅಂದರೆ ಇಡೀ ಊರು ನೋಡಲು ಓಡುತ್ತದೆ. ನೋಡುವವರಿಗೆ ಚಂದ, ಗದ್ದೆ ಇದ್ದವರಿಗೆ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಕಡೆ ಶರಾವತಿ ಹಿನ್ನೀರಿಗೆ ಊರುಗಳೇ ಹೋದವು. ಆದರೂ ನಮ್ಮಲ್ಲಿ ಶರಾವತಿ ಅಂತ ಹೆಸರಿಟ್ಟವರಿದ್ದಾರೆ. ಮುನಿಸೂ ಪ್ರೀತಿಯೂ ಒಟ್ಟಿಗೇ ಇರುತ್ತದೆ.

ಒಂದು ದಾರಿ ಇದೆ. ನಾಮಕರಣದಲ್ಲಿ ಒಂದೇ ಹೆಸರು ಇಡಬೇಕು ಅಂತೇನಿಲ್ಲ. ನಕ್ಷತ್ರದ ಹೆಸರು, ಮನೆದೇವರ ಹೆಸರು, ಕರೆಯುವ ಹೆಸರು ಅಂತ ಬೇರೆ ಬೇರೆ ಇಡುವ ಪದ್ಧತಿ ಇದೆ. ತೊಟ್ಟಿಲಿಗೆ ಹಾಕುವಾಗ ಸೋದರತ್ತೆಯ ಕೈಲೇ ಮಗುವಿನ ಕಿವಿಯಲ್ಲಿ ತುಳಸಿ ಅಂತ ಹೇಳಿಸಿ. ದಾಖಲೆಯಲ್ಲಿ ತುಂಗಾ ಇರಲಿ. ಅವರು ತುಳಸಿ ಅಂತಲೇ ಕರೆಯಲಿ ಬಿಡಿ. ಎರಡು ಹೆಸರಿನಿಂದ ಕರೆಸಿಕೊಂಡ ಮಗುವಿಗೆ ಪ್ರೀತಿ ಜಾಸ್ತಿಯೇ ಸಿಗುತ್ತದೆ.

ಭದ್ರಾವತಿಯ ಒಬ್ಬ ಅಪ್ಪ

ದಾಖಲೆ ಅಂದಿರಲ್ಲ, ಅದರ ಬಗ್ಗೆ ಎರಡು ಮಾತು. ಹೆಸರು ನಿಶ್ಚಯ ಆಗಿಲ್ಲ ಅಂತ ಜನನ ನೋಂದಣಿ ತಡ ಮಾಡಬೇಡಿ. 21 ದಿನದೊಳಗೆ ನೋಂದಣಿ ಆಗಬೇಕು. ಹೆಸರಿನ ಜಾಗ ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ ಶುಲ್ಕ ಕಟ್ಟಿ ಸೇರಿಸಲು 15 ವರ್ಷದವರೆಗೆ ಅವಕಾಶ ಇದೆ. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ, ಹಾಗಾಗಿ ಬೇಗ ಮುಗಿಸಿ.

ಇಂಗ್ಲಿಷ್ ಅಕ್ಷರ ಈಗಲೇ ಯೋಚಿಸಿ. ಬರೀ ‘ಟಿ’ಯಿಂದ ಬರೆದರೆ ನಮ್ಮ ಕಡೆಯವರೇ ‘ಟುಂಗಾ’ ಅಂತ ಓದುತ್ತಾರೆ. ‘ಟಿ’ ಪಕ್ಕ ‘ಎಚ್’ ಹಾಕಿದರೆ ಉತ್ತರದವರು ‘ಥುಂಗಾ’ ಅನ್ನಬಹುದು. ಮಗು ಓದು ಮುಗಿಸುವವರೆಗೆ ಜಾಸ್ತಿ ಇರುವುದು ಇಲ್ಲಿಯೇ, ಅದಕ್ಕೆ ನಾನಾದರೆ ‘ಎಚ್’ ಹಾಕುತ್ತೇನೆ. ಯಾವುದೇ ಬರೆಯಿರಿ, ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಒಂದೇ ರೀತಿ ಇರಲಿ. ಕನ್ನಡದಲ್ಲೂ ‘ತುಂಗ’ ಅಂತ ಟೈಪ್ ಮಾಡಿಬಿಡುತ್ತಾರೆ. ಕೊನೆಯ ದೀರ್ಘ ಇದೆಯಾ ಅಂತ ಪ್ರಿಂಟ್ ಕೊಡುವ ಮೊದಲೇ ನೋಡಿಕೊಳ್ಳಿ.