ಸಹಾಯ ಬೇಕು: ಸಂಖ್ಯಾಶಾಸ್ತ್ರದ ಪಿಎಚ್‌.ಡಿ.ಗೆ ಈಗಲೇ ಸೇರಲೇ, ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋಶಿಪ್‌ಗೆ) ಕಾಯಲೇ?

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಪಾವಗಡದವಳು, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೇನೆ. ನಮ್ಮ ವಿಷಯದವರು ಸಂಶೋಧನೆ, ಅಧ್ಯಾಪನಕ್ಕೆ ಅರ್ಹತೆ ನೀಡುವ ರಾಷ್ಟ್ರೀಯ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ನ ಗಣಿತ ವಿಜ್ಞಾನ ಪತ್ರಿಕೆಯನ್ನೇ ಬರೆಯಬೇಕು. ಬರೆದೆ. ‘ಪಿಎಚ್‌.ಡಿ. ಪ್ರವೇಶಕ್ಕೆ ಮಾತ್ರ’ ಎಂಬ ವರ್ಗದಲ್ಲಿ ಅರ್ಹತೆ ಸಿಕ್ಕಿತು, ಜೆಆರ್‌ಎಫ್ ಸಿಗಲಿಲ್ಲ. ಅಂದರೆ ತಿಂಗಳಿಗೆ 37,000 ರೂಪಾಯಿಯ ಫೆಲೋಶಿಪ್ ಇಲ್ಲ. ಈ ಅಂಕಗಳಿಗೂ ಒಂದೇ ವರ್ಷದ ಆಯಸ್ಸು.

ವಿಷಯ ಕೈಬಿಡಲು ಮಾತ್ರ ಮನಸ್ಸಿಲ್ಲ. ನಮ್ಮ ತಾಲ್ಲೂಕಿನ ದಿನವಹಿ ಮಳೆ ದಾಖಲೆ ತೆರೆದರೆ ಸಾಲುಸಾಲು ಸೊನ್ನೆ, ನಡುವೆ ಎಲ್ಲೋ ಒಂದು ದಿನ ಜೋರು ಮಳೆ. ಸರಾಸರಿ ತೆಗೆದು ಕೊಟ್ಟರೆ ಕಡಲೆಕಾಯಿ ಬಿತ್ತುವವರಿಗೆ ಏನು ಪ್ರಯೋಜನ? ಆ ಸೊನ್ನೆಗಳನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿಯ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ. ಮಾರ್ಗದರ್ಶಕರೊಬ್ಬರು ಒಪ್ಪಿದ್ದಾರೆ.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಒಬ್ಬರು ‘ಸೇರಿಕೊಳ್ಳಿ, ಮುಂದೆ ಜೆಆರ್‌ಎಫ್ ಬಂದರೆ ಇದೇ ನೋಂದಣಿಗೆ ಸಿಗುತ್ತದೆ’ ಎಂದರು. ಇನ್ನೊಬ್ಬರು ‘ಹೊಸದಾಗಿ ನೋಂದಣಿ ಮಾಡಿಸಬೇಕು’ ಎಂದರು. ಸಂಶೋಧನಾ ಯೋಜನೆಯಲ್ಲಿ ಸೇರೋಣವೆಂದರೆ ಯೋಜನೆ ಮುಗಿದೊಡನೆ ಹಣವೂ ನಿಲ್ಲುತ್ತದೆ. ಅಪ್ಪನದು ಮಳೆ ನಂಬಿದ ಬೇಸಾಯ, ಮನೆಯಿಂದ ಹಣ ಕೇಳಲಾರೆ.

ಪಿಎಚ್‌.ಡಿ.ಗೆ ಸೇರಿದ ಮೇಲೆ ಜೆಆರ್‌ಎಫ್ ಪಡೆದವರು ಇಲ್ಲಿದ್ದೀರಾ? ನಿಮಗೆ ಅದೇ ನೋಂದಣಿಯಲ್ಲಿ ಫೆಲೋಶಿಪ್ ಕೊಟ್ಟರೇ, ಕೊಟ್ಟಿದ್ದರೆ ಯಾವ ದಿನಾಂಕದಿಂದ ಲೆಕ್ಕ ಹಾಕಿದರು? ದಯವಿಟ್ಟು ತಿಳಿಸಿ.