ಮೆಮೊರಿ ಸೇರಿಸಲು ಹೋದರೆ ‘ಮೆಮೊರಿ ಸಾಲದು’ ಅನ್ನುತ್ತದೆ, ಯಾಕೆ?

ಪ್ರಶ್ನೆ, ಸಾಗರದಿಂದ:

ಅಕ್ಕಾ, ನಮಸ್ಕಾರ. ನಮ್ಮದು ಚಿಕ್ಕ ಆಫೀಸು. ಅಡಿಕೆ ಮಂಡಿಗಳ ಲೆಕ್ಕಪತ್ರದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇವೆ. ಕೊಯ್ಲು ಮುಗಿದು ಮಾಲು ಬರತೊಡಗಿದಾಗ ಕೆಲಸ ಜಾಸ್ತಿ, ಮಳೆಗಾಲದಲ್ಲಿ ತೀರಾ ಕಡಿಮೆ. ಅದಕ್ಕೇ ಒಂದು ವರ್ಚುವಲ್ ಮಷೀನ್‌ಗೆ ಬೇಕಾದಾಗ ಮೆಮೊರಿ ಸೇರಿಸಿ, ಬೇಡವಾದಾಗ ತೆಗೆಯುವ ಏರ್ಪಾಡು ಮಾಡೋಣ ಅಂತ ಹೊರಟೆ. ಸರ್ವರ್‌ನಲ್ಲಿ 64 ಜಿಬಿ ಇದೆ. ವರ್ಚುವಲ್ ಮಷೀನ್ ಓಡಿಸಲು ಕ್ಯೂಇಎಂಯು ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಗೆಸ್ಟ್, ಅಂದರೆ ಆ ವರ್ಚುವಲ್ ಮಷೀನ್ ಒಳಗೆ ಓಡುವ ಲಿನಕ್ಸ್, ಡೆಬಿಯನ್ 12, ಕರ್ನಲ್ 6.1. ಪರೀಕ್ಷೆಗೆ ಅಂತ ಗೆಸ್ಟನ್ನು ಬರೀ 1 ಜಿಬಿಯಲ್ಲಿ ಬೂಟ್ ಮಾಡಿದೆ.

ಮೊದಲು 16 ಜಿಬಿ ಸೇರಿಸಿದೆ. ಸೇರಿತು. ತಾನಾಗಿ ಆನ್‌ಲೈನ್ ಆಗದಂತೆ ಇಟ್ಟಿದ್ದೆ. ಆದರೂ ಸೇರಿಸಿದ ತಕ್ಷಣ ಫ್ರೀ ಮೆಮೊರಿ ಸುಮಾರು 260 ಎಂಬಿ ಇಳಿಯಿತು! ಗೆಸ್ಟನ್ನು ಮತ್ತೆ ಬೂಟ್ ಮಾಡಿ ಈ ಸಲ ಒಂದೇ ಏಟಿಗೆ 48 ಜಿಬಿ ಕೊಟ್ಟೆ. ಆಗಲಿಲ್ಲ. ಲಾಗ್‌ನಲ್ಲಿ ‘ವಿಮೆಮ್‌ಮ್ಯಾಪ್ ಅಲಾಕ್ ಫೇಲ್ಯೂರ್, ಆರ್ಡರ್ 9’ ಅಂತ ಬಂತು. ಮೆಮೊರಿ ಕೊಡುತ್ತಿರುವಾಗಲೇ ಮೆಮೊರಿ ಇಲ್ಲ ಅಂದರೆ ಏನರ್ಥ?

ಉತ್ತರ:

ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ, ಎರಡು ದಿನದಿಂದ ಕರೆಂಟ್ ಸರಿಯಾಗಿಲ್ಲ.

ನೀವು ಆನ್‌ಲೈನ್ ಮಾಡದೆ ಅಳೆದು ನೋಡಿದ್ದು ಒಳ್ಳೆಯದಾಯಿತು. ಆ 260 ಎಂಬಿಯಲ್ಲೇ ಉತ್ತರ ಇದೆ.

ಲಿನಕ್ಸ್ ಕರ್ನಲ್ ಮೆಮೊರಿಯನ್ನು 4 ಕೆಬಿಯ ಪೇಜ್‌ಗಳಾಗಿ ಲೆಕ್ಕ ಇಡುತ್ತದೆ. ಪ್ರತಿ ಪೇಜ್‌ಗೂ ಒಂದು ಸ್ಟ್ರಕ್ಟ್ ಪೇಜ್ ಇರುತ್ತದೆ. ಆ ಪೇಜನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ, ಅದು ಯಾವ ಫೈಲಿನದು, ಯಾವ ಪಟ್ಟಿಯಲ್ಲಿದೆ, ಕೊಳೆಯಾಗಿದೆಯಾ (ಬದಲಾಗಿ ಇನ್ನೂ ಡಿಸ್ಕಿಗೆ ಬರೆಯದೆ ಉಳಿದಿದೆಯಾ), ಬೀಗ ಬಿದ್ದಿದೆಯಾ ಎಲ್ಲ ಅದರಲ್ಲಿ. ನಿಮ್ಮ 64 ಬಿಟ್ ಮಷೀನ್‌ನಲ್ಲಿ ಅದು 64 ಬೈಟ್. 4096ಕ್ಕೆ 64, ಅಂದರೆ 64ರಲ್ಲಿ 1 ಪಾಲು. 16 ಜಿಬಿಗೆ 256 ಎಂಬಿ. ನಿಮಗೆ ಕಂಡ ಇಳಿತ ಹೆಚ್ಚುಕಮ್ಮಿ ಅದೇ ಅಲ್ವಾ? 48 ಜಿಬಿಗೆ 768 ಎಂಬಿ ಬೇಕು. 1 ಜಿಬಿಯಲ್ಲಿ ಬೂಟ್ ಆದ ಗೆಸ್ಟ್ ತನ್ನ ಖರ್ಚು ಕಳೆದು ಅಷ್ಟನ್ನು ಎಲ್ಲಿಂದ ತರಬೇಕು?

ಈ ಸ್ಟ್ರಕ್ಟ್ ಪೇಜ್‌ಗಳ ಸಾಲಿಗೆ ಮೆಮ್‌ಮ್ಯಾಪ್ ಅನ್ನುತ್ತೇವೆ. ಅದು ವಿಮೆಮ್‌ಮ್ಯಾಪ್ ಅನ್ನುವ ವರ್ಚುವಲ್ ವಿಳಾಸದ ಪಟ್ಟಿಯಲ್ಲಿ ಕೂರುತ್ತದೆ. ಪೇಜ್ ನಂಬರ್ ಗೊತ್ತಿದ್ದರೆ ಅದರ ಸ್ಟ್ರಕ್ಟ್ ಪೇಜ್ ಎಲ್ಲಿದೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ಸಿಗುತ್ತದೆ. ಎಕ್ಸ್86ರಲ್ಲಿ ಮೆಮೊರಿ 128 ಎಂಬಿಯ ಸೆಕ್ಷನ್‌ಗಳಾಗಿ ಸೇರುತ್ತದೆ. ಒಂದು ಸೆಕ್ಷನ್‌ನಲ್ಲಿ 32768 ಪೇಜ್. ತಲಾ 64 ಬೈಟ್ ಅಂದರೆ ಸರಿಯಾಗಿ 2 ಎಂಬಿ. ಲಾಗ್‌ನಲ್ಲಿ ಬಂದ ‘ಆರ್ಡರ್ 9’ ಈ 2 ಎಂಬಿಯೇ: ಒಂದರ ಪಕ್ಕ ಒಂದು 512 ಪೇಜ್. ಅಂಥ ತುಂಡು ಸಿಗದಿದ್ದರೆ ಕರ್ನಲ್ ಬಿಡಿ ಬಿಡಿ ಪೇಜ್‌ಗಳಲ್ಲೂ ಪ್ರಯತ್ನಿಸುತ್ತದೆ. ಅದೂ ಮುಗಿದರೆ ಸೇರಿಸುವ ಕೆಲಸವನ್ನೇ ಕೈಬಿಡುತ್ತದೆ.

ಇನ್ನೊಂದು ಮಾತು ತುಂಬ ಜನಕ್ಕೆ ಗೊಂದಲ ತರುತ್ತದೆ. ಮೆಮೊರಿ ಸೇರುವುದು ಎರಡು ಹಂತದಲ್ಲಿ. ಮೊದಲು ‘ಆ್ಯಡ್’, ಆಮೇಲೆ ‘ಆನ್‌ಲೈನ್’. ಆ್ಯಡ್ ಆಗುವಾಗಲೇ ಮೆಮ್‌ಮ್ಯಾಪ್‌ಗೆ ಜಾಗ ತೆಗೆಯುತ್ತಾರೆ. ಆನ್‌ಲೈನ್ ಆದ ಮೇಲೆಯೇ ಆ ಪೇಜ್‌ಗಳು ಹಂಚಿಕೆಗೆ ಸಿಗುವುದು. ಅಂದರೆ ಖರ್ಚು ಮೊದಲು, ಆದಾಯ ಆಮೇಲೆ.

ನಿಮಗೆ ಮಂಡಿಯ ಲೆಕ್ಕದಲ್ಲೇ ಹೇಳುತ್ತೇನೆ. ಒಬ್ಬರು ಹೊಸ ಗೋದಾಮು ಬಾಡಿಗೆಗೆ ಹಿಡಿದರು. ಅಲ್ಲಿಗೆ ಬರುವ ಪ್ರತಿ ಮೂಟೆಗೂ ಖಾತೆಯಲ್ಲಿ ಒಂದು ಹಾಳೆ ಬೇಕು. ಖಾತೆ ಪುಸ್ತಕಗಳೆಲ್ಲ ಪೇಟೆಯ ಹಳೇ ಅಂಗಡಿಯಲ್ಲೇ ಇರಬೇಕು ಅಂತ ನಿಯಮ. ಗೋದಾಮು ದೊಡ್ಡದಾದಷ್ಟೂ ಅಂಗಡಿ ತುಂಬ ಪುಸ್ತಕವೇ. ಒಂದು ದಿನ ಗಿರಾಕಿ ನಿಲ್ಲಲೂ ಜಾಗ ಇರುವುದಿಲ್ಲ. ಹೊಸ ಗೋದಾಮಿನ ಖಾತೆಯನ್ನು ಆ ಗೋದಾಮಿನ ಬಾಗಿಲ ಪಕ್ಕದಲ್ಲೇ ಇಟ್ಟರೆ ಆಗದೇ? ಕರ್ನಲ್‌ನಲ್ಲೂ ಆ ದಾರಿ ಇದೆ. ಅದರ ಹೆಸರು ಮೆಮ್‌ಮ್ಯಾಪ್ ಆನ್ ಮೆಮೊರಿ. ಕರ್ನಲ್ 5.13ರಲ್ಲಿ, ಅಂದರೆ 2021ರಲ್ಲಿ ಬಂತು.

ಸಾಗರದಿಂದ ಮತ್ತೆ:

ಅರ್ಥವಾಯಿತು ಅಕ್ಕಾ. ನೀವು ಹೇಳಿದ ಮೇಲೆ ಬೂಟ್ ಸಾಲಿನಲ್ಲಿ ಮೆಮೊರಿ ಹಾಟ್‌ಪ್ಲಗ್ ಮಾಡ್ಯೂಲ್‌ನ ಆ ಆಯ್ಕೆಯನ್ನು 1 ಅಂತ ಹಾಕಿದೆ. ಸಿಸ್ ಫೋಲ್ಡರ್‌ನಲ್ಲಿ ನೋಡಿದರೆ ‘ವೈ’ ಅಂತಲೇ ತೋರಿಸುತ್ತದೆ. ಆದರೂ 48 ಜಿಬಿ ಸೇರುತ್ತಿಲ್ಲ. ಅದೇ ದೂರು, ಅದೇ ಆರ್ಡರ್ 9. ಎಲ್ಲಿ ತಪ್ಪಿದೆ?

ಉತ್ತರ:

ನಿಮ್ಮ ತಪ್ಪೇನೂ ಇಲ್ಲ. ಇಲ್ಲಿ ನಾನೂ ಒಮ್ಮೆ ಅರ್ಧ ದಿನ ಕಳೆದುಕೊಂಡಿದ್ದೇನೆ, ಹಾಗಾಗಿ ಬಿಡಿಸಿ ಹೇಳುತ್ತೇನೆ.

5.13ರಲ್ಲಿ ಬಂದಾಗ ಈ ಸೌಲಭ್ಯಕ್ಕೆ ಒಂದು ಕಟ್ಟು ಇತ್ತು. ಒಂದು ಸಲಕ್ಕೆ ಸೇರಿಸುವ ಮೆಮೊರಿ ಸರಿಯಾಗಿ ಒಂದು ಮೆಮೊರಿ ಬ್ಲಾಕ್‌ನಷ್ಟೇ ಇರಬೇಕು. ನಿಮ್ಮ ಗೆಸ್ಟ್‌ನಲ್ಲಿ ಬ್ಲಾಕ್ ಅಂದರೆ 128 ಎಂಬಿ. ನೀವು ಕೊಟ್ಟ 48 ಜಿಬಿಯ ಡಿಮ್‌ನಲ್ಲಿ (ಸೇರಿಸುವ ಮೆಮೊರಿ ಪಟ್ಟಿಯಲ್ಲಿ) 384 ಬ್ಲಾಕ್ ಇವೆ. ಕರ್ನಲ್ ಅದನ್ನು ನೋಡಿ ‘ಇದು ಆಗದು’ ಅಂತ ಏನೂ ಹೇಳದೆ ಹಳೇ ದಾರಿಗೆ ಹೋಗುತ್ತದೆ. ‘ವೈ’ ಅಂದರೆ ಆಯ್ಕೆ ಆನ್ ಇದೆ ಅಂತ ಅಷ್ಟೇ. ಬಳಕೆ ಆಯಿತು ಅಂತ ಅಲ್ಲ. ಇದನ್ನು ಲಾಗ್‌ನಲ್ಲಿ ಒಂದು ಸಾಲಾದರೂ ಹೇಳಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಡಿಮ್ಮನ್ನು ಬ್ಲಾಕ್ ಬ್ಲಾಕ್ ಆಗಿ ಒಡೆದು, ಪ್ರತಿ ಬ್ಲಾಕಿನ ಮೆಮ್‌ಮ್ಯಾಪನ್ನು ಅದೇ ಬ್ಲಾಕಿನ ತಲೆಯಲ್ಲಿ ಇಡುವ ಬದಲಾವಣೆ ಬಂದದ್ದು 6.8ರಲ್ಲಿ, 2024ರಲ್ಲಿ. ನಿಮ್ಮದು 6.1. ಹಾಗಾಗಿ ಗೆಸ್ಟನ್ನು ಡೆಬಿಯನ್ 13ಕ್ಕೆ ಏರಿಸಿ. ಅದರಲ್ಲಿ 6.12 ಇದೆ. ಆಯ್ಕೆಯನ್ನು ಬೂಟ್ ಸಾಲಿನಲ್ಲೇ ಹಾಕಬೇಕು, ಓಡುತ್ತಿರುವಾಗ ಬದಲಿಸಲು ಬಿಡುವುದಿಲ್ಲ.

ಕೆಲಸ ಮಾಡಿತಾ ಅಂತ ತಿಳಿಯಲು ನಿಮ್ಮ ಮೊದಲ ಪರೀಕ್ಷೆಯೇ ಸಾಕು. ಆನ್‌ಲೈನ್ ಮಾಡದೆ ಸೇರಿಸಿ. ಫ್ರೀ ಮೆಮೊರಿ 64ರಲ್ಲಿ 1 ಪಾಲು ಇಳಿಯದಿದ್ದರೆ ಮೆಮ್‌ಮ್ಯಾಪ್ ಹೊಸ ಮೆಮೊರಿಯಲ್ಲೇ ಕೂತಿದೆ. ಆಮೇಲೆ ಆನ್‌ಲೈನ್ ಮಾಡಿದರೆ ಪ್ರತಿ ಬ್ಲಾಕಿನಿಂದ 128ರ ಬದಲು 126 ಎಂಬಿ ಸಿಗುತ್ತದೆ. 48 ಜಿಬಿಗೆ 47.25 ಜಿಬಿ. ಖರ್ಚು ತಪ್ಪಲಿಲ್ಲ, ಯಾರ ಜೇಬಿನಿಂದ ಹೋಗುತ್ತದೆ ಅನ್ನುವುದು ಬದಲಾಯಿತು.

ಈಗ ನಿಜವಾಗಿ ಹೇಳಬೇಕಾದ ಮಾತು. 1 ಜಿಬಿಯಲ್ಲಿ ಬೂಟ್ ಮಾಡಿ 48 ಜಿಬಿ ಸೇರಿಸುವುದು ಪರೀಕ್ಷೆಗೆ ಸರಿ, ದಿನದ ಕೆಲಸಕ್ಕೆ ಬೇಡ. ಮುಂದೆ ತೆಗೆಯಬೇಕು ಅಂತ ನೀವು ಹೊಸ ಮೆಮೊರಿಯನ್ನು ಮೂವಬಲ್ ಝೋನ್‌ಗೆ ಹಾಕುತ್ತೀರಿ. ಅಲ್ಲಿ ಎತ್ತಿ ಬೇರೆ ಕಡೆ ಇಡಬಹುದಾದ ಪೇಜ್‌ಗಳಿಗೆ ಮಾತ್ರ ಜಾಗ. ಕರ್ನಲ್ ತನಗಾಗಿ ಇಟ್ಟುಕೊಳ್ಳುವುದೆಲ್ಲ, ಅಂದರೆ ಐನೋಡ್‌ಗಳು, ನೆಟ್‌ವರ್ಕ್ ಬಫರ್‌ಗಳು, ಪೇಜ್ ಟೇಬಲ್‌ಗಳು, ಆ 1 ಜಿಬಿಯಲ್ಲೇ ಕೂರಬೇಕು. ಪೇಜ್ ಟೇಬಲ್ ಒಂದನ್ನೇ ತೆಗೆದುಕೊಳ್ಳಿ. 4 ಕೆಬಿಗೆ 8 ಬೈಟ್‌ನಂತೆ 48 ಜಿಬಿ ಮ್ಯಾಪ್ ಮಾಡಲು 96 ಎಂಬಿ ಬೇಕು. ಅದೇ ಮೆಮೊರಿಯನ್ನು ಹತ್ತು ಪ್ರೋಸೆಸ್‌ಗಳು ಹಂಚಿಕೊಂಡರೆ ಅದರ ಹತ್ತರಷ್ಟು. ನಲವತ್ತು ಜಿಬಿ ಖಾಲಿ ಇದ್ದೂ ಓಓಎಂ, ಅಂದರೆ ‘ಮೆಮೊರಿ ಮುಗಿಯಿತು’ ಅನ್ನುವ ಸ್ಥಿತಿ, ಬಂದು ಡೇಟಾಬೇಸ್ ಸಾಯುವುದನ್ನು ಕಂಡಿದ್ದೇನೆ. ನೋಡಲು ಸಂಕಟವಾಗುತ್ತದೆ.

ಮೂವಬಲ್ ಭಾಗ ಉಳಿದದ್ದರ ಮೂರು ಪಟ್ಟು ಮೀರದಿರಲಿ. ಕರ್ನಲ್‌ನ ಆಟೋ ಮೂವಬಲ್ ಅನ್ನುವ ನೀತಿಯೂ ಸುಮಾರು ಅದೇ ಅಳತೆ ಇಟ್ಟುಕೊಂಡಿದೆ, ಅದರ ಡೀಫಾಲ್ಟ್ 301 ಶೇಕಡ. ಸೀಸನ್‌ಗೆ ನಿಮಗೆ 32 ಜಿಬಿ ಸಾಕಾದರೆ 8ರಲ್ಲಿ ಬೂಟ್ ಮಾಡಿ, 24 ಸೇರಿಸಿ. ಆಗ ಮೆಮ್‌ಮ್ಯಾಪ್ 384 ಎಂಬಿ. ಅದನ್ನು 8 ಜಿಬಿಯಿಂದ ಕೊಟ್ಟರೂ ನಡೆಯುತ್ತದೆ, ಹೊಸದರಲ್ಲಿಟ್ಟರೆ ಇನ್ನೂ ಒಳ್ಳೆಯದು.

ಶಿವಮೊಗ್ಗದಿಂದ ಇನ್ನೊಬ್ಬರು:

ಮೇಡಂ, ನಡುವೆ ಬಾಯಿ ಹಾಕುತ್ತಿದ್ದೇನೆ. ಹಾಗಿದ್ದರೆ ಎಲ್ಲರೂ ಇದನ್ನೇ ಯಾವಾಗಲೂ ಆನ್ ಇಡಬಹುದಲ್ಲ? ಡೀಫಾಲ್ಟ್ ಆಫ್ ಯಾಕೆ? ನಾವು 4 ಕೆಬಿಯ ಬದಲು 1 ಜಿಬಿಯ ದೊಡ್ಡ ಪೇಜ್, ಅಂದರೆ ಹ್ಯೂಜ್ ಪೇಜ್, ಬಳಸುತ್ತೇವೆ, ಅದಕ್ಕೇನಾದರೂ ತೊಂದರೆ ಇದೆಯಾ?

ಉತ್ತರ:

ಆಫ್ ಇಟ್ಟಿರುವುದಕ್ಕೆ ನಿಮ್ಮಂಥವರೇ ಒಂದು ಕಾರಣ. ಪ್ರತಿ 128 ಎಂಬಿಯ ತಲೆಯಲ್ಲಿ 2 ಎಂಬಿಯಷ್ಟು ಅಲ್ಲಾಡಿಸಲಾಗದ ಜಾಗ ಕೂತರೆ, ನಡುವೆ 1 ಜಿಬಿ ಉದ್ದಕ್ಕೆ ಖಾಲಿ ಮೆಮೊರಿ ಎಲ್ಲಿ ಸಿಗುತ್ತದೆ? ಸಿಗುವುದೇ ಇಲ್ಲ. 126ರ ನಂತರ ಒಂದು ಗೂಟ, ಮತ್ತೆ 126, ಮತ್ತೆ ಗೂಟ. 2 ಎಂಬಿಯ ಹ್ಯೂಜ್ ಪೇಜ್‌ಗೆ ತೊಂದರೆ ಇಲ್ಲ. 1 ಜಿಬಿಯದ್ದು ಆ ಮೆಮೊರಿಯಲ್ಲಿ ಹುಟ್ಟುವುದಿಲ್ಲ.

ನಿಮಗೆ ಬೇರೆ ದಾರಿ ಇದೆ. ಅದು 5.14ರಲ್ಲಿ ಬಂದದ್ದು, ಹ್ಯೂಜ್‌ಟಿಎಲ್‌ಬಿ ವಿಮೆಮ್‌ಮ್ಯಾಪ್ ಆಪ್ಟಿಮೈಸೇಶನ್. 1 ಜಿಬಿ ಪೇಜ್‌ಗೆ 16 ಎಂಬಿ ಮೆಮ್‌ಮ್ಯಾಪ್ ಇರುತ್ತದೆ. ಅದರಲ್ಲಿ ಬಹುಪಾಲು ಒಂದೇ ಮಾತನ್ನು ಮತ್ತೆ ಮತ್ತೆ ಬರೆದಿರುವುದು. ಹಾಗಾಗಿ ಒಂದು ಪೇಜ್ ಮಾತ್ರ ಉಳಿಸಿ, ಉಳಿದ ವರ್ಚುವಲ್ ವಿಳಾಸಗಳನ್ನೆಲ್ಲ ಅದಕ್ಕೇ ತೋರಿಸಿ, ಮಿಕ್ಕ 4095 ಪೇಜ್‌ಗಳನ್ನು ವಾಪಸ್ ಕೊಡುತ್ತಾರೆ. ಈ ಉಳಿತಾಯ ಬೇಕಾದರೆ ಮೆಮ್‌ಮ್ಯಾಪ್ ಮಾಮೂಲಿ ಮೆಮೊರಿಯಲ್ಲಿ ಇರಬೇಕು. ಬ್ಲಾಕಿನ ತಲೆಯಲ್ಲಿ ಕೂತ ಮೆಮ್‌ಮ್ಯಾಪ್‌ಗೆ ಇದು ಆಗುವುದಿಲ್ಲ. ನಿಮಗೆ ನನ್ನ ಸಲಹೆ: ಈ ಆಪ್ಟಿಮೈಸೇಶನ್ ಹಾಕಿಕೊಳ್ಳಿ, ಮೆಮ್‌ಮ್ಯಾಪ್ ಆನ್ ಮೆಮೊರಿಯನ್ನು ಆಫ್ ಬಿಡಿ.

ಸಾಗರದಿಂದ, ನಾಲ್ಕು ದಿನದ ನಂತರ:

ಅಕ್ಕಾ, ಆಯಿತು! ಡೆಬಿಯನ್ 13, 8 ಜಿಬಿಯಲ್ಲಿ ಬೂಟ್, 24 ಸೇರಿಸಿದೆ. ಫ್ರೀ ಮೆಮೊರಿ ಹೆಚ್ಚುಕಮ್ಮಿ ಕದಲಲಿಲ್ಲ. ಆನ್‌ಲೈನ್ ಮಾಡಿದ್ದೂ ಆಯಿತು, ಒಂದು ದಿನ ಓಡಿಸಿದ್ದೂ ಆಯಿತು. ಈಗ ತೆಗೆಯಲು ಹೋದರೆ 192 ಬ್ಲಾಕ್‌ಗಳಲ್ಲಿ ಹತ್ತಿಪ್ಪತ್ತು ಮಾತ್ರ ಆಫ್‌ಲೈನ್ ಆಗುತ್ತವೆ. ಉಳಿದವು ‘ಬಿಝಿ’ ಅನ್ನುತ್ತವೆ. ಪ್ರತಿ ಬ್ಲಾಕಿನ ತಲೆಯಲ್ಲಿ ಕೂತ ಆ 2 ಎಂಬಿಯೇ ಅಡ್ಡ ಬರುತ್ತಿದೆಯಾ?

ಉತ್ತರ:

ಅಲ್ಲ. ಆ 2 ಎಂಬಿಯನ್ನು ಎತ್ತಿಡುವ ಪ್ರಶ್ನೆಯೇ ಬರುವುದಿಲ್ಲ. ಎಷ್ಟು ಪೇಜ್ ಮೆಮ್‌ಮ್ಯಾಪ್‌ಗೆ ಹೋಗಿದೆ ಅಂತ ಬ್ಲಾಕಿನ ದಾಖಲೆಯಲ್ಲೇ ಬರೆದಿರುತ್ತದೆ. ಖಾಲಿ ಮಾಡುವಾಗ ಕರ್ನಲ್ ಅಷ್ಟನ್ನು ದಾಟಿ ಉಳಿದ 126 ಎಂಬಿಯನ್ನು ಮಾತ್ರ ಬೇರೆ ಕಡೆ ಸಾಗಿಸುತ್ತದೆ. ಗೋದಾಮಿನ ಮೂಟೆಗಳೆಲ್ಲ ಹೋದ ಮೇಲೆ ಖಾತೆ ಪುಸ್ತಕ ಗೋದಾಮಿನ ಜೊತೆಗೇ ಹೋಗುತ್ತದೆ.

ನೀವು ಆನ್‌ಲೈನ್ ಮಾಡುವಾಗ ಬರೀ ‘ಆನ್‌ಲೈನ್’ ಅಂತ ಬರೆದಿರಾ? ಹಾಗಿದ್ದರೆ ಆ ಬ್ಲಾಕ್‌ಗಳು ನಾರ್ಮಲ್ ಝೋನ್‌ಗೆ ಸೇರಿವೆ. ಡೀಫಾಲ್ಟ್ ನೀತಿ ಹಾಗೆಯೇ. ಒಂದು ದಿನ ಓಡಿದ ಮೇಲೆ ಕರ್ನಲ್ ತನ್ನ ಸಾಮಾನನ್ನು ಅಲ್ಲೆಲ್ಲ ಹರಡಿಕೊಂಡಿರುತ್ತದೆ, ಅದು ಮತ್ತೆ ಕದಲುವುದಿಲ್ಲ. ಪ್ರತಿ ಬ್ಲಾಕಿನ ಫೋಲ್ಡರ್‌ನಲ್ಲಿ ವ್ಯಾಲಿಡ್ ಝೋನ್ಸ್ ಅನ್ನುವ ಫೈಲ್ ಇದೆ, ತೆರೆದು ನೋಡಿ. ‘ನಾರ್ಮಲ್’ ಅಂತ ಇದ್ದರೆ ಇದೇ ಕಾರಣ.

ಈಗಿನ ಸಲಕ್ಕೆ ರೀಬೂಟ್ ಬಿಟ್ಟು ಬೇರೆ ನಂಬಿಕಸ್ತ ದಾರಿ ಇಲ್ಲ. ಮುಂದಿನ ಸಲ ಡಿಮ್ ಸೇರಿಸುವ ಮೊದಲೇ ಆಟೋ ಆನ್‌ಲೈನ್ ಬ್ಲಾಕ್ಸ್ ಫೈಲಿನಲ್ಲಿ ‘ಆನ್‌ಲೈನ್ ಮೂವಬಲ್’ ಅಂತ ಬರೆಯಿರಿ. ಯುಡೆವ್‌ನಲ್ಲಿ (ಹೊಸ ಸಾಧನ ಬಂದಾಗ ಏನು ಮಾಡಬೇಕು ಅಂತ ನೋಡಿಕೊಳ್ಳುವ ಸೇವೆ) ಯಾವುದಾದರೂ ನಿಯಮ ಬ್ಲಾಕ್‌ಗಳನ್ನು ತಾನಾಗಿ ಆನ್‌ಲೈನ್ ಮಾಡುತ್ತಿದೆಯಾ ಅಂತಲೂ ಒಮ್ಮೆ ನೋಡಿ, ಇದ್ದರೆ ತೆಗೆದುಹಾಕಿ. ಮತ್ತೆ ಒಂದು ದಿನ ಓಡಿಸಿ, ತೆಗೆದು ನೋಡಿ, ಎಷ್ಟು ಬ್ಲಾಕ್ ಹಟ ಹಿಡಿದವು ಅಂತ ಇಲ್ಲಿಯೇ ಬರೆಯಿರಿ.